ರೈಡಿಂಗ್ ಮೋವರ್ ಆಯಿಲ್ ಚೇಂಜ್: ಈ ಗೋಳು ನನಗೊಬ್ಬನಿಗೇನಾ?

ಒಹಾಯೋ ರೈತ — ಶನಿವಾರ, ರಾತ್ರಿ 9:40

ಹೆಸರಿನಲ್ಲಿ ರೈತ ಅಂತ ಇದೆ, ಆದರೆ ನಾನು ಬೆಳೆಯುವುದು ಬರೀ ಹುಲ್ಲು. ಕೊಲಂಬಸ್ ಆಚೆ ಮುಕ್ಕಾಲು ಎಕರೆ ಜಾಗ. ಹೋದ ವರ್ಷ ಮನೆ ಕೊಂಡಾಗ ಹಿಂದಿನ ಮಾಲೀಕರು ಕೂತು ಓಡಿಸುವ ಹುಲ್ಲಿನ ಮೆಷಿನನ್ನು ಶೆಡ್ಡಿನಲ್ಲೇ ಬಿಟ್ಟು ಹೋದರು. ಪುಕ್ಕಟೆ ಸಿಕ್ಕಿತು ಅಂತ ಹಿಗ್ಗಿದ್ದೆ. ಇವತ್ತು ಅದರ ಆಯಿಲ್ ಬದಲಿಸಲು ಕೂತೆ. ಕಾರಿನ ಆಯಿಲ್ ನಾನೇ ಬದಲಿಸುತ್ತೇನೆ, ಮುಕ್ಕಾಲು ಗಂಟೆಯ ಕೆಲಸ. ಇದಕ್ಕೆ ನಾಲ್ಕು ಗಂಟೆ ಹಿಡಿಯಿತು.

ಮೊದಲು ಜಾಗದ ಸಮಸ್ಯೆ. ಮೆಷಿನಿನ ಹೊಟ್ಟೆ ನೆಲಕ್ಕೆ ಅಂಟಿಕೊಂಡ ಹಾಗಿದೆ. ಬ್ಲೇಡಿನ ಡೆಕ್ ಬೇರೆ ಅಡ್ಡ. ಕಾರಿಗೆ ಇಡುವ ಆಯಿಲ್ ಟಬ್ ಒಳಗೆ ತೂರುವುದೇ ಇಲ್ಲ. ಕೊನೆಗೆ ಅಡುಗೆಮನೆಯಿಂದ ಕೇಕ್ ಮಾಡುವ ತೆಳು ಅಲ್ಯೂಮಿನಿಯಂ ಟ್ರೇ ತಂದೆ.

ಇಂಜಿನ್ ಪಕ್ಕದಲ್ಲಿ ಹಳದಿ ಪ್ಲಾಸ್ಟಿಕ್ಕಿನ ಪುಟ್ಟ ನಲ್ಲಿ ಇದೆ. ಒತ್ತಿ, ಕಾಲು ಸುತ್ತು ತಿರುಗಿಸಿ, ಹೊರಗೆ ಎಳೆಯಬೇಕು. ಎಳೆದೆ. ಆಯಿಲ್ ಟ್ರೇಗೆ ಬೀಳಲಿಲ್ಲ. ಚಾಸಿ ಪಟ್ಟಿಯ ಮೇಲೆ ಬಿತ್ತು, ಅಲ್ಲಿಂದ ಮುಂದಿನ ಆಕ್ಸಲ್ ಹಿಡಿಯಿತು, ಅಲ್ಲಿಂದ ಟಯರು, ಕೊನೆಗೆ ಗ್ಯಾರೇಜಿನ ಕಾಂಕ್ರೀಟು. ಟ್ರೇ ಎಲ್ಲಿಟ್ಟರೂ ಅದು ಇನ್ನೊಂದು ದಾರಿ ಹುಡುಕುತ್ತಿತ್ತು.

ಆಮೇಲೆ ಫಿಲ್ಟರ್. ಭೀಮಸೇನನೇ ಬಂದು ಬಿಗಿಸಿದ್ದನೋ ಏನೋ. ಕೈಗೆ ಬರಲಿಲ್ಲ. ಕಾರಿನ ಫಿಲ್ಟರ್ ಪಾನ ದೊಡ್ಡದಾಯಿತು. ಅಡ್ಡಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸಿದರೆ ತಗಡು ಹರಿಯಿತು, ಫಿಲ್ಟರ್ ಕದಲಲಿಲ್ಲ. ಹರಿದ ಜಾಗದಿಂದ ಉಳಿದ ಆಯಿಲೆಲ್ಲ ನನ್ನ ತೋಳಿನ ಮೇಲೆ. ಕೊನೆಗೆ ಪಕ್ಕದ ಮನೆ ತಾತ ಚರ್ಮದ ಬೆಲ್ಟಿನಂಥ ಪಟ್ಟಿ ಪಾನ ತಂದು ಒಂದೇ ಸಲಕ್ಕೆ ತೆಗೆದರು. ನಕ್ಕರು ಕೂಡ.

ಹೊಸ ಫಿಲ್ಟರ್ ಹಾಕಿ, ಎಸ್‌ಎಇ 30 ಅನ್ನುವ ದಪ್ಪದ ದರ್ಜೆಯ ಆಯಿಲ್ 48 ಔನ್ಸ್ ಬಾಟಲಿ ಅಳೆದು ಸುರಿದೆ. ಅಂದರೆ ಸುಮಾರು 1.4 ಲೀಟರ್. ಆಯಿಲ್ ಮಟ್ಟ ತೋರಿಸುವ ಕಡ್ಡಿ ಅದ್ದಿ ನೋಡಿದರೆ ಫುಲ್ ಗೆರೆಗೆ ಸರಿಯಾಗಿ ಬಂತು. ನಾಳೆ ಓಡಿಸೋಣ ಅಂತ ಪೆಟ್ರೋಲನ್ನೂ ಕಂಠಪೂರ್ತಿ ತುಂಬಿಸಿ ಬಂದು ಕೂತಿದ್ದೇನೆ. ಎರಡು ಸಲ ಸ್ನಾನ ಆಯಿತು, ಇನ್ನೂ ಕೈ ವಾಸನೆ.

ಪ್ರತಿ ವರ್ಷ ಇದೇನಾ? ಬೇರೆ ದಾರಿ ಇದೆಯಾ?

ಸುಮ್ನೆ ಓದುಗ — ಭಾನುವಾರ, ಬೆಳಿಗ್ಗೆ

ಮುಕ್ಕಾಲು ಎಕರೆಗೆ ಎರಡು ಹಸು ಕಟ್ಟಿದರೆ ಆಯಿಲೂ ಬೇಡ, ಪೆಟ್ರೋಲೂ ಬೇಡ. ಹಾಲು ಬೇರೆ ಸಿಗುತ್ತದೆ.

ಒಹಾಯೋ ರೈತ

ಹುಲ್ಲು ಸ್ವಲ್ಪ ಎತ್ತರ ಬಂದರೇ ನಮ್ಮ ಬಡಾವಣೆ ಸಂಘದವರು ಪತ್ರ ಹಾಕುತ್ತಾರೆ. ಹಸು ಕಟ್ಟಿದರೆ ಮೆರವಣಿಗೆಯಲ್ಲೇ ಬರುತ್ತಾರೆ ಸರ್.

ಮಿಷಿಗನ್ ಅಕ್ಕ — ಭಾನುವಾರ

ನಿಮಗೊಬ್ಬರಿಗಲ್ಲ. ಒಂಬತ್ತು ವರ್ಷದಿಂದ ನಮ್ಮನೆ ಮೆಷಿನಿಗೆ ನಾನೇ ಆಯಿಲ್ ಹಾಕುವುದು. ಮೊದಲ ವರ್ಷ ನನ್ನ ಕಥೆಯೂ ಥೇಟ್ ಇದೇ. ನಮ್ಮವರು ಆಗ "ಅಂಗಡಿಗೆ ಕೊಟ್ಟುಬಿಡೋಣ" ಅಂದರು. ಮೆಷಿನನ್ನು ಟ್ರೇಲರಿಗೆ ಹತ್ತಿಸಿ ಒಯ್ಯುವ ಗೋಳು ಇದಕ್ಕಿಂತ ದೊಡ್ಡದು ಅಂತ ಕೈಬಿಟ್ಟೆವು.

ಆ ಹಳದಿ ನಲ್ಲಿಗೆ ಒಂದು ಪೈಪ್ ಸಿಕ್ಕಿಸಬೇಕು ಅಂತ ಪುಸ್ತಕದಲ್ಲಿ ಯಾವುದೋ ಮೂಲೆಯಲ್ಲಿ ಬರೆದಿರುತ್ತಾರೆ. ಯಾರೂ ಓದುವುದಿಲ್ಲ. ಒಳ ಅಳತೆ ಅರ್ಧ ಇಂಚು ಇರುವ ಪಾರದರ್ಶಕ ಪ್ಲಾಸ್ಟಿಕ್ ಪೈಪನ್ನು ಎರಡು ಅಡಿ ಕತ್ತರಿಸಿ ತನ್ನಿ. ನಲ್ಲಿಯ ಮೂತಿ ಮೇಲಿನ ಮುಚ್ಚಳ ತೆಗೆದು ಪೈಪನ್ನು ಒತ್ತಿ ಕೂರಿಸಿ. ಇನ್ನೊಂದು ತುದಿ ಡೆಕ್ ಆಚೆಗೆ ಬರುತ್ತದೆ. ಅಲ್ಲಿ ಹಾಲಿನ ಖಾಲಿ ಕ್ಯಾನ್ ಇಟ್ಟರೆ ಸಾಕು. ಅಡಿಗೆ ತೂರುವ ಪ್ರಶ್ನೆಯೇ ಇಲ್ಲ.

ಫಿಲ್ಟರಿಗೆ: ಒಂದು ಸೋಡಾ ಬಾಟಲಿಯನ್ನು ಉದ್ದಕ್ಕೆ ಸೀಳಿ. ಅಡಿಕೆ ಹಾಳೆಯ ದೋಣಿ ಥರ ಆಗುತ್ತದೆ. ಅದನ್ನು ಫಿಲ್ಟರಿನ ಅಡಿಗೆ ಒತ್ತಿಟ್ಟರೆ ಸುರಿದದ್ದೆಲ್ಲ ಚಾಸಿ ದಾಟಿ ಹೊರಗೆ ಬರುತ್ತದೆ. ಫಿಲ್ಟರನ್ನು ಪೂರ್ತಿ ಬಿಚ್ಚುವ ಮೊದಲು ಅರ್ಧ ಸುತ್ತು ಸಡಿಲಿಸಿ ಹತ್ತು ನಿಮಿಷ ಸುಮ್ನೆ ಬಿಡಿ. ಕಾಫಿ ಕುಡಿದು ಬನ್ನಿ. ಒಳಗಿನದು ತಾನಾಗಿ ಇಳಿದಿರುತ್ತದೆ.

ಹೊಸ ಫಿಲ್ಟರಿನ ರಬ್ಬರಿಗೆ ಬೆರಳಲ್ಲಿ ಆಯಿಲ್ ಸವರಿದಿರಾ? ಒಣ ರಬ್ಬರ್ ಲೋಹಕ್ಕೆ ಕಚ್ಚಿಕೊಳ್ಳುತ್ತದೆ, ಮುಂದಿನ ವರ್ಷ ಮತ್ತೆ ಭೀಮಸೇನ ಬೇಕಾಗುತ್ತಾನೆ. ರಬ್ಬರ್ ತಾಗಿದ ಮೇಲೆ ಕೈಯಲ್ಲೇ ಅರ್ಧದಿಂದ ಮುಕ್ಕಾಲು ಸುತ್ತು, ಅಷ್ಟೇ. ಪಾನ ಇರುವುದು ಬಿಚ್ಚುವುದಕ್ಕೆ, ಬಿಗಿಸುವುದಕ್ಕಲ್ಲ.

ಒಹಾಯೋ ರೈತ

ರಬ್ಬರಿಗೆ ಸವರಿದೆ ಅಕ್ಕ, ಅಷ್ಟು ಗೊತ್ತಿತ್ತು. ಪೈಪ್ ವಿಷಯ ಓದಿ ತಲೆ ಚಚ್ಚಿಕೊಂಡೆ.

ಅಡಿಕೆ ತೋಟ — ಭಾನುವಾರ

ತೀರ್ಥಹಳ್ಳಿ ಕಡೆಯಿಂದ ನಮಸ್ಕಾರ. ನಮ್ಮಲ್ಲಿ ಇಷ್ಟು ದೊಡ್ಡ ಗಾಡಿ ಇಲ್ಲ, ಹೆಗಲಿಗೆ ನೇತು ಹಾಕುವ ಕಳೆ ಹೊಡೆಯುವ ಮೆಷಿನ್. ಹೋಂಡಾ ಜಿಎಕ್ಸ್ 35 ಇಂಜಿನ್, ಫೋರ್ ಸ್ಟ್ರೋಕ್. ಆಯಿಲ್ ಹಿಡಿಯುವುದು ಬರೀ 100 ಎಂಎಲ್. ನಲ್ಲಿ ಇಲ್ಲ, ಫಿಲ್ಟರೂ ಇಲ್ಲ. ಮುಚ್ಚಳ ತೆಗೆದು ಬಗ್ಗಿಸಿದರೆ ಖಾಲಿ. ಮೊದಲ ಸಲ 10 ಗಂಟೆ ಓಡಿದ ಮೇಲೆ, ಆಮೇಲೆ 50 ಗಂಟೆಗೆ ಒಮ್ಮೆ. ಐದು ನಿಮಿಷದ ಕೆಲಸ.

ಕೆಲಸ ಸುಲಭ ಆಗಿದ್ದಕ್ಕೇ ಯಾರೂ ಮಾಡುವುದಿಲ್ಲ ಅನ್ನುವುದು ಬೇರೆ ಮಾತು. ಮಳೆಗಾಲದಲ್ಲಿ ಒಂದೇ ಸಮ ಕಳೆ ಹೊಡೆಯುವಾಗ 50 ಗಂಟೆ ಅಂದರೆ ಎಂಟು ದಿನ. ಯಾರು ಲೆಕ್ಕ ಇಡುತ್ತಾರೆ? ನಮ್ಮ ಮನೆಯಲ್ಲಿ ಟೂ ಸ್ಟ್ರೋಕ್ ಒಂದು, ಫೋರ್ ಸ್ಟ್ರೋಕ್ ಒಂದು ಇದೆ. ಹೋದ ಮಳೆಗಾಲ ಕೆಲಸಕ್ಕೆ ಬಂದ ಹುಡುಗ ಬರೀ ಪೆಟ್ರೋಲನ್ನು ಟೂ ಸ್ಟ್ರೋಕಿಗೆ ತುಂಬಿಸಿದ. ಆಯಿಲ್ ಬೆರೆಸಿದ ಪೆಟ್ರೋಲೇ ಅದರ ರಕ್ತ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಪಿಸ್ಟನ್ ಜಾಮ್. ಹೇಳದೆ ಇದ್ದವನು ನಾನೇ, ಅವನನ್ನು ಬೈದು ಏನು ಮಾಡುವುದು. ಈಗ ಕ್ಯಾನುಗಳಿಗೆ ಕೆಂಪು, ಬಿಳಿ ಬಣ್ಣ ಬಳಿದಿಟ್ಟಿದ್ದೇನೆ.

ಕೆರೊಲಿನಾ ಕಾಕಾ — ಭಾನುವಾರ

ಜಾಗ ಯಾಕೆ ಹೀಗೆ ಅಂತ ನಾನೂ ತಲೆ ಕೆಡಿಸಿಕೊಂಡವನೇ. ಮೆಷಿನಿನ ಮೇಲೆ ಒಂದು ಕಂಪನಿಯ ಹೆಸರು ಇರುತ್ತದೆ, ಬಾನೆಟ್ ಎತ್ತಿದರೆ ಇಂಜಿನ್ ಮೇಲೆ ಇನ್ನೊಂದು ಹೆಸರು. ಬ್ರಿಗ್ಸ್ ಅಂಡ್ ಸ್ಟ್ರಾಟನ್, ಕೋಹ್ಲರ್, ಕವಾಸಾಕಿ, ಇವರು ಇಂಜಿನ್ ಮಾಡಿ ಬೇರೆ ಬೇರೆ ಕಂಪನಿಗಳಿಗೆ ಮಾರುತ್ತಾರೆ. ಇಂಜಿನ್ ಮಾಡುವವನ ಮೇಜಿನ ಮೇಲೆ ನಲ್ಲಿಯ ಕೆಳಗೆ ಬೇಕಾದಷ್ಟು ಜಾಗ ಇತ್ತು. ಅದನ್ನು ತಂದು ಚಾಸಿಗೆ ಕೂರಿಸಿದವನಿಗೆ ನಾಲ್ಕು ಬೋಲ್ಟ್ ಸೇರಿದರೆ ಆಯಿತು. ಹುಡುಗ ಹುಡುಗಿ ಮುಖ ನೋಡದೆ ಆದ ಮದುವೆ ಇದು. ಸಂಸಾರ ನಡೆಸುವವರು ನಾವು.

ಕೆಲವರು ಇದಕ್ಕೆ ಉಪಾಯ ಹುಡುಕಿದ್ದಾರೆ. ಜಾನ್ ಡಿಯರ್‌ನ ಕೆಲವು ಮಾಡೆಲ್‌ಗಳಲ್ಲಿ ಫಿಲ್ಟರ್ ಮತ್ತು ಆಯಿಲ್ ಎರಡೂ ಇರುವ ಡಬ್ಬಿಯನ್ನೇ ತಿರುಗಿಸಿ ತೆಗೆದು, ಹೊಸ ಡಬ್ಬಿ ಸಿಕ್ಕಿಸಿದರೆ ಆಯಿತು. 30 ಸೆಕೆಂಡ್ ಅನ್ನುತ್ತಾರೆ. ಆದರೆ ಡಬ್ಬಿಯಲ್ಲಿ ಬರುವುದು ಮುಕ್ಕಾಲು ಲೀಟರ್ ಆಸುಪಾಸು. ಉಳಿದ ಹಳೇ ಆಯಿಲ್ ಇಂಜಿನ್ನಲ್ಲೇ ಇರುತ್ತದೆ. ಹಳೇ ಸಾರಿಗೆ ಹೊಸ ಸಾರು ಬೆರೆಸಿದ ಹಾಗೆ. ನನಗೆ ಅದು ಒಗ್ಗುವುದಿಲ್ಲ, ಮೈಕೈ ನೋವಿದ್ದವರಿಗೆ ತಪ್ಪೇನಿಲ್ಲ.

ನೀವು ಎಸ್‌ಎಇ 30 ಹಾಕಿದ್ದು ಸರಿ. ಗಾಳಿಯಿಂದ ತಣಿಯುವ ಇಂಜಿನ್, ಕಾರಿಗಿಂತ ಜಾಸ್ತಿ ಬಿಸಿ. ಬ್ರಿಗ್ಸ್‌ನವರ ಪುಸ್ತಕದಲ್ಲೇ ಇದೆ, 27 ಡಿಗ್ರಿ ಸೆಲ್ಸಿಯಸ್ ಮೇಲೆ ಚಳಿಯಲ್ಲೂ ಹರಿಯುವ 10ಡಬ್ಲ್ಯೂ-30 ದರ್ಜೆ ಹಾಕಿದರೆ ಇಂಜಿನ್ ಆಯಿಲ್ ಜಾಸ್ತಿ ತಿನ್ನಬಹುದು ಅಂತ. ಹಾಗೇ 4 ಡಿಗ್ರಿ ಕೆಳಗೆ ಎಸ್‌ಎಇ 30 ಹಾಕಿದ್ದರೆ ಸ್ಟಾರ್ಟ್ ಆಗಲು ಮುನಿಸು. ನಮ್ಮ ಕೆರೊಲಿನಾ ಬೇಸಿಗೆಗೆ 30, ಇಲ್ಲಾ ಸಿಂಥೆಟಿಕ್.

ಒಹಾಯೋ ರೈತ — ಭಾನುವಾರ, ಸಂಜೆ

ಹೊಸ ಅಧ್ಯಾಯ. ಮಧ್ಯಾಹ್ನ ಸ್ಟಾರ್ಟ್ ಮಾಡಿದೆ. ಮದುವೆ ಮನೆ ಹೋಮದ ಹಾಗೆ ಬಿಳಿ ಹೊಗೆ. ಪಕ್ಕದ ಮನೆ ತಾತ ಓಡಿ ಬಂದರು. ಕೂಡಲೇ ಆಫ್ ಮಾಡಿ ಕಡ್ಡಿ ತೆಗೆದು ನೋಡಿದರೆ ಆಯಿಲ್ ಫುಲ್ ಗೆರೆಗಿಂತ ಒಂದು ಇಂಚು ಮೇಲೆ. ಏರ್ ಫಿಲ್ಟರ್ ಎಣ್ಣೆಯಲ್ಲಿ ಅದ್ದಿದ ಬಜ್ಜಿ ಆಗಿದೆ.

ಸುಮ್ನೆ ಓದುಗ

ಜಾಸ್ತಿ ಸುರಿದಿದ್ದೀರಿ, ಅಷ್ಟೇ. ನಿನ್ನೆ ತಲೆ ಬಿಸಿಯಲ್ಲಿ ಅಳತೆ ತಪ್ಪಿರಬೇಕು.

ಮಿಷಿಗನ್ ಅಕ್ಕ

ನಿಮ್ಮದು ಒಂದು ಸಿಲಿಂಡರೋ ಎರಡೋ? ಒಂದಾದರೆ ಸುಮಾರು 48 ಔನ್ಸ್, ಎರಡಾದರೆ 64 ಔನ್ಸ್ ಹತ್ತಿರ. ಬಹಳ ಜನ ಎರಡರದ್ದನ್ನು ಒಂದಕ್ಕೆ ಸುರಿದು ಹೊಗೆ ಬರಿಸುತ್ತಾರೆ. ಬ್ರಿಗ್ಸ್ ಆಗಿದ್ದರೆ ಇಂಜಿನ್ ಮೇಲೆ ಒತ್ತಿದ ಮಾಡೆಲ್ ನಂಬರಿನ ಮೊದಲ ಎರಡು ಅಂಕಿ ನೋಡಿ. ಅದು ಇಂಜಿನ್ ಗಾತ್ರ, ಘನ ಇಂಚಿನಲ್ಲಿ. 31 ಅಂತಿದ್ದರೆ ಸುಮಾರು 500 ಸಿಸಿ, ಒಂದೇ ಸಿಲಿಂಡರ್.

ಒಹಾಯೋ ರೈತ

31 ಅಂತಲೇ ಇದೆ ಅಕ್ಕ. ಒಂದೇ ಸಿಲಿಂಡರ್, ಒಂದೇ ಬಾಟಲಿ. ನಿನ್ನೆ ರಾತ್ರಿ ಗೆರೆಗೆ ಸರಿಯಾಗಿತ್ತು, ಅದರ ಫೋಟೋ ಕೂಡ ಇದೆ. ನಾನು ಅಳತೆ ತಪ್ಪುವ ಮನುಷ್ಯ ಅಲ್ಲ, ಅನ್ನಕ್ಕೆ ನೀರನ್ನೂ ಅಳೆದೇ ಇಡುತ್ತೇನೆ. ರಾತ್ರೋರಾತ್ರಿ ಆಯಿಲ್ ಮರಿ ಹಾಕಿತಾ?

ಗ್ಯಾರೇಜ್ ಮಾವ — ಸೋಮವಾರ, ಬೆಳಿಗ್ಗೆ

ತಮ್ಮಾ, ಮರಿ ಹಾಕಿದೆ, ಆದರೆ ಆಯಿಲ್ ಅಲ್ಲ. ಹುಬ್ಬಳ್ಳಿಯಲ್ಲಿ 30 ವರ್ಷ ಬೈಕು, ಸ್ಕೂಟರು, ಪಂಪ್‌ಸೆಟ್ ರಿಪೇರಿ ಮಾಡಿದ್ದೇನೆ. ಹುಲ್ಲಿನ ಗಾಡಿ ಮುಟ್ಟಿಲ್ಲ, ಆದರೆ ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬುರೇಟರ್ ಎಲ್ಲಿದ್ದರೂ ಕಾರ್ಬುರೇಟರೇ.

ಕಡ್ಡಿ ತೆಗೆದು ಮೂಗಿಗೆ ಹಿಡಿ. ಪೆಟ್ರೋಲ್ ನಾತ ಬಂತೆಂದರೆ ಉತ್ತರ ಸಿಕ್ಕಿತು. ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟು ನೋಡು. ಒಳ್ಳೆ ಆಯಿಲ್ ಗುಂಡಗೆ ಕೂರುತ್ತದೆ. ಪೆಟ್ರೋಲ್ ಬೆರೆತಿದ್ದರೆ ಸುತ್ತ ತೆಳು ವರ್ತುಲ ಹರಡುತ್ತದೆ. ಬೆಂಕಿ ಹಚ್ಚಿ ನೋಡುವ ಬುದ್ಧಿವಂತಿಕೆ ಬೇಡ.

ಅಲ್ಲಿಯವರೆಗೆ ಸ್ಟಾರ್ಟ್ ಮಾಡಬೇಡ. ಪೆಟ್ರೋಲ್ ಸೇರಿದ ಆಯಿಲಿಗೆ ಜಿಡ್ಡೇ ಇರುವುದಿಲ್ಲ. ಬೇರಿಂಗ್ ಒಣಗಿ ತಿರುಗಿದ ಹಾಗೆ.

ಒಹಾಯೋ ರೈತ — ಸೋಮವಾರ, ರಾತ್ರಿ

ಮಾವ, ಕಡ್ಡಿ ಮೂಗಿನ ಹತ್ತಿರ ತರಬೇಕಾಗಿಯೇ ಇರಲಿಲ್ಲ. ಮುಚ್ಚಳ ತೆಗೆದರೆ ಸಾಕು, ಪೆಟ್ರೋಲ್ ಬಂಕ್. ಎಲ್ಲಿಂದ ಬಂತು? ಕೀ ಆಫ್ ಮಾಡಿದರೆ ಪೆಟ್ರೋಲ್ ನಿಲ್ಲಿಸಲು ಸೊಲೆನಾಯ್ಡ್ ಇದೆ ಅಂತ ಪುಸ್ತಕದಲ್ಲಿ ಇದೆಯಲ್ಲ?

ಗ್ಯಾರೇಜ್ ಮಾವ

ಸೊಲೆನಾಯ್ಡ್ ಮುಚ್ಚುವುದು ಜೆಟ್ಟನ್ನು, ಅಂದರೆ ಕಾರ್ಬುರೇಟರಿನಿಂದ ಇಂಜಿನ್ನಿಗೆ ಪೆಟ್ರೋಲ್ ಹೋಗುವ ಸಣ್ಣ ತೂತನ್ನು. ಟ್ಯಾಂಕಿನಿಂದ ಕಾರ್ಬುರೇಟರಿನ ಬಟ್ಟಲಿಗೆ ಬರುವುದನ್ನು ತಡೆಯುವುದು ಫ್ಲೋಟಿನ ಸೂಜಿ. ನಮ್ಮ ಮನೆ ಮೇಲಿನ ನೀರಿನ ಟ್ಯಾಂಕಿನಲ್ಲಿ ಚೆಂಡು ಮೇಲೆ ಬಂದರೆ ನೀರು ನಿಲ್ಲುತ್ತದಲ್ಲ, ಅದೇ ಲೆಕ್ಕ. ಸೂಜಿಗೆ ಕಸ ಸಿಕ್ಕಿದರೆ ಅದು ಪೂರ್ತಿ ಮುಚ್ಚುವುದಿಲ್ಲ. ಬಟ್ಟಲು ತುಂಬಿ ಉಕ್ಕಿ ಪೆಟ್ರೋಲ್ ಸಿಲಿಂಡರಿಗೆ ಹೋಗುತ್ತದೆ, ಅಲ್ಲಿಂದ ಪಿಸ್ಟನ್ ರಿಂಗ್ ಸಂದಿಯಲ್ಲಿ ಇಳಿದು ಆಯಿಲಿಗೆ.

ನೀನು ಶನಿವಾರ ಟ್ಯಾಂಕ್ ಕಂಠಪೂರ್ತಿ ತುಂಬಿಸಿದೆ ಅಂತ ಬರೆದಿದ್ದೀಯ, ಆಗಲೇ ನನಗೆ ಅನುಮಾನ ಬಂತು. ಟ್ಯಾಂಕಿನಲ್ಲಿ ಪೆಟ್ರೋಲ್ ಮಟ್ಟ ಕಾರ್ಬುರೇಟರಿಗಿಂತ ಮೇಲೆ ಹೋದರೆ ರಾತ್ರಿಯೆಲ್ಲ ತಾನಾಗಿ ಇಳಿಯುತ್ತದೆ. ಚಳಿಗಾಲ ಪೂರ್ತಿ ಹಳೇ ಪೆಟ್ರೋಲ್ ಒಳಗೇ ಬಿಟ್ಟಿದ್ದೆಯಾ?

ಒಹಾಯೋ ರೈತ

ಬಿಟ್ಟಿದ್ದೆ. ಹಿಮ ಬಿದ್ದ ಮೇಲೆ ಶೆಡ್ ಬಾಗಿಲೇ ತೆಗೆದಿಲ್ಲ.

ಗ್ಯಾರೇಜ್ ಮಾವ

ಮತ್ತೆ! ಪೆಟ್ರೋಲ್ ಆರಿ ಅಂಟಾಗಿರುತ್ತದೆ.

ಕೆರೊಲಿನಾ ಕಾಕಾ — ಸೋಮವಾರ, ರಾತ್ರಿ

ಮಾವ ಹೇಳಿದ್ದು ನಿಜ. ಇನ್ನೊಂದು ಕಳ್ಳನೂ ಇದ್ದಾನೆ, ಅವನನ್ನೂ ನೋಡಿ. ಟ್ಯಾಂಕ್ ಹಿಂದೆ ಇರುವ ಗಾಡಿಗಳಲ್ಲಿ ಇಂಜಿನ್ ಪಕ್ಕ ಅಂಗೈ ಅಗಲದ ಫ್ಯುಯಲ್ ಪಂಪ್ ಇರುತ್ತದೆ. ಕರೆಂಟ್ ಇಲ್ಲ, ಇಂಜಿನ್ ಒಳಗಿನ ಗಾಳಿಯ ಏರಿಳಿತದಿಂದಲೇ ಅದರ ಪೊರೆ ಆಡುತ್ತದೆ. ಪೊರೆ ಹರಿದರೆ ಪೆಟ್ರೋಲ್ ಆ ಗಾಳಿ ಪೈಪಿನಿಂದಲೇ ಸೀದಾ ಇಂಜಿನ್ ಹೊಟ್ಟೆಗೆ. ಪಂಪಿಗೆ ಮೂರು ಪೈಪ್ ಇರುತ್ತದೆ. ಇಂಜಿನ್ ಕಡೆಯ ಪೈಪ್ ಕಳಚಿ ಮೂಸಿ. ಒಣಗಿದ್ದರೆ ಪಂಪ್ ಚೆನ್ನಾಗಿದೆ. ಒದ್ದೆ ಇದ್ದರೆ ಪಂಪೇ ಬದಲಿಸಬೇಕು.

ಗ್ಯಾರೇಜಿನೊಳಗೆ ಗ್ಯಾಸಿನ ವಾಟರ್ ಹೀಟರ್ ಇದೆಯಾ? ಇದ್ದರೆ ಗಾಡಿಯನ್ನು ಈಗಲೇ ಹೊರಗೆ ತಳ್ಳಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲ ಹಿಡಿದೇ ಹರಿಯುತ್ತದೆ. ಹೀಟರಿನ ಪುಟ್ಟ ಜ್ವಾಲೆಯೂ ಕೆಳಗೇ ಇರುತ್ತದೆ. ಇದೊಂದು ವಿಷಯಕ್ಕೆ ನಾಳೆ ಅನ್ನಬೇಡಿ.

ಒಹಾಯೋ ರೈತ

ಹೀಟರ್ ಇದೆ. ಈಗ ತಾನೇ ಮಳೆಯಲ್ಲಿ ನಾನೂ ಮಗಳೂ ಸೇರಿ ಗಾಡಿಯನ್ನು ಹೊರಗೆ ತಳ್ಳಿ ತಾಡಪಾಲು ಹೊದಿಸಿ ಬಂದೆವು. ಕಾಕಾ, ಥ್ಯಾಂಕ್ಸ್.

ಪುತ್ತೂರಿನವ — ಮಂಗಳವಾರ

ಅಲ್ಲ ಮಾರಾಯ್ರೆ, ಒಂದು ಆಯಿಲ್ ಚೇಂಜ್‌ಗೆ ಇಷ್ಟು ದೊಡ್ಡ ಯಕ್ಷಗಾನವಾ! ಇಡೀ ರಾತ್ರಿ ಆಟ. ತೆಗೆದ ಹಳೇ ಆಯಿಲ್ ಎಂತ ಮಾಡಿದಿರಿ? ಬಿಸಾಡಬೇಡಿ. ನಮ್ಮಲ್ಲಿ ಬೇಲಿ ಗೂಟಕ್ಕೆ ಬಳಿಯುತ್ತೇವೆ, ಗೆದ್ದಲು ಹತ್ತಿರ ಬರುವುದಿಲ್ಲ.

ಮಿಷಿಗನ್ ಅಕ್ಕ

ಅಯ್ಯೋ, ದಯವಿಟ್ಟು ಬೇಡ. ಗೂಟಕ್ಕೆ ಬಳಿದದ್ದು ಮೊದಲ ಮಳೆಗೆ ಮಣ್ಣಿಗೆ ಇಳಿಯುತ್ತದೆ. ಒಂದು ಗ್ಯಾಲನ್ ಹಳೇ ಆಯಿಲ್ 10 ಲಕ್ಷ ಗ್ಯಾಲನ್ ನೀರು ಕೆಡಿಸಬಲ್ಲದು ಅಂತ ಇಲ್ಲಿನ ಪರಿಸರ ಸಂಸ್ಥೆ ಇಪಿಎ ಹೇಳುತ್ತದೆ. ಅದರಲ್ಲಿ ಇಂಜಿನ್ ಸವೆದ ಲೋಹವೂ ಇರುತ್ತದೆ.

ಪುತ್ತೂರಿನವ

ನಮ್ಮಪ್ಪ 40 ವರ್ಷ ಬಳಿದಿದ್ದಾರೆ ಅಕ್ಕ, ಎಂತದೂ ಆಗಲಿಲ್ಲ.

ಅಡಿಕೆ ತೋಟ

ನಾನೂ ಬಳಿಯುತ್ತಿದ್ದೆ. ನಮ್ಮ ಕುಡಿಯುವ ಬಾವಿ ತೋಟದ ತಗ್ಗಿನಲ್ಲಿದೆ. ಒಂದು ಮಳೆಗಾಲ ಬಾವಿಗೆ ಹೋಗುವ ಕಾಲುವೆಯ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಕಂಡಿತು. ಅವತ್ತಿಗೆ ನಿಲ್ಲಿಸಿದೆ. ಈಗ ಕ್ಯಾನಿನಲ್ಲಿ ಕೂಡಿಟ್ಟು, ಬೈಕ್ ಸರ್ವಿಸಿಗೆ ಹೋದಾಗ ಅಲ್ಲಿಯ ಡ್ರಮ್ಮಿಗೆ ಸುರಿದು ಬರುತ್ತೇನೆ. ಅವರಿಂದ ಕೊಂಡುಕೊಳ್ಳುವವರು ಬರುತ್ತಾರೆ.

ಪುತ್ತೂರಿನವ

ನಮ್ಮ ಬಾವಿಯೂ ತಗ್ಗಿನಲ್ಲೇ ಉಂಟು. ಸರಿ, ಅಪ್ಪನಿಗೆ ನೀವೇ ಬಂದು ಹೇಳಿ.

ಒಹಾಯೋ ರೈತ — ಗುರುವಾರ, ರಾತ್ರಿ

ವರದಿ. ಪಂಪಿನ ಗಾಳಿ ಪೈಪ್ ಒಣಗಿತ್ತು, ಅಂದರೆ ಆ ಕಳ್ಳ ಅಲ್ಲ. ಪೆಟ್ರೋಲ್ ಪೈಪಿಗೆ ಕ್ಲಿಪ್ ಹಾಕಿ ಮುಚ್ಚಿ, ಬ್ಯಾಟರಿ ವಯರ್ ಬಿಚ್ಚಿ, ಕಾರ್ಬುರೇಟರ್ ಬಟ್ಟಲು ಬಿಚ್ಚಿದೆ. ತಳದಲ್ಲಿ ಬೆಲ್ಲದ ಪಾಕ ಆರಿದ ಹಾಗೆ ಕಂದು ಅಂಟು. ಫ್ಲೋಟ್ ಹಿಡಿದಿರುವ ಪಿನ್ನನ್ನು ನೂಕಿದೆ. ಅದು ಠಣ್ ಅಂತ ಹಾರಿ ಹುಲ್ಲಿಗೆ ಬಿತ್ತು. ನಾನು ಕತ್ತರಿಸದೇ ಬಿಟ್ಟ ಹುಲ್ಲಿಗೆ! ಅರ್ಧ ಗಂಟೆ ನಾನು ಹುಡುಕಿದೆ. ಮಗಳು ಟಾರ್ಚನ್ನು ನೆಲಕ್ಕೆ ಅಡ್ಡ ಹಿಡಿದು ಎರಡೇ ನಿಮಿಷದಲ್ಲಿ ಹೆಕ್ಕಿ ಕೊಟ್ಟಳು.

ಸೂಜಿಯ ರಬ್ಬರ್ ತುದಿಯಲ್ಲಿ ಉಗುರು ತಾಗಿದರೆ ಗೊತ್ತಾಗುವಷ್ಟು ಗೆರೆ ಬಿದ್ದಿದೆ. ಹೊಸ ಸೂಜಿ ತರಿಸಿದ್ದೇನೆ. ಜೊತೆಗೆ ಪೆಟ್ರೋಲ್ ಪೈಪಿನ ನಡುವೆ ಹಾಕಲು ಕಾಲಿಂಚಿನ ಬಂದ್ ಮಾಡುವ ವಾಲ್ವ್. ಗಾಡಿಯಲ್ಲಿ ಅದು ಹುಟ್ಟಿನಿಂದಲೇ ಇಲ್ಲ. ಪುಟ್ಟ ವಾಲ್ವಿಗೆ ಎಷ್ಟು ಡಾಲರ್ ಉಳಿಸಿದರು ಮಹಾರಾಯರು?

ಕೆರೊಲಿನಾ ಕಾಕಾ

ಒಂದು ಗಾಡಿಗೆ ಎರಡು ಡಾಲರ್ ಅಂದುಕೊಳ್ಳಿ, ಎಷ್ಟು ಗಾಡಿ ಮಾರುತ್ತಾರೆ ಅಂತ ಗುಣಿಸಿ. ವಾಲ್ವ್ ಒಳ್ಳೆಯ ಕೆಲಸ. ಕತ್ತರಿಸಿ ಮುಗಿದ ಮೇಲೆ ಅದನ್ನು ಮುಚ್ಚಿ, ಇಂಜಿನ್ ತಾನಾಗಿ ಆರುವವರೆಗೆ ಓಡಲಿ. ಬಟ್ಟಲೂ ಖಾಲಿಯಾಗುತ್ತದೆ, ಚಳಿಗಾಲದ ಅಂಟೂ ತಪ್ಪುತ್ತದೆ.

ಮಿಷಿಗನ್ ಅಕ್ಕ

ಈಗ ಎರಡನೇ ಆಯಿಲ್ ಚೇಂಜ್! ಒಂದು ಎಚ್ಚರಿಕೆ. ಸಾಮಾನ್ಯವಾಗಿ ಐದು ನಿಮಿಷ ಓಡಿಸಿ ಆಯಿಲ್ ಬಿಸಿ ಮಾಡಿ ಇಳಿಸುತ್ತೇವೆ, ಬೇಗ ಹರಿಯಲಿ ಅಂತ. ಈ ಸಲ ಬೇಡ. ಪೆಟ್ರೋಲ್ ಸೇರಿ ಅದು ಈಗಾಗಲೇ ನೀರಾಗಿದೆ. ತಣ್ಣಗಿರುವಾಗಲೇ ಇಳಿಸಿ. ಕಡ್ಡಿಯ ತೂತಿನಿಂದ ಹೀರುವ ಎಲೆಕ್ಟ್ರಿಕ್ ಪಂಪ್ ಇದ್ದರೂ ಇವತ್ತು ಅದನ್ನು ಮುಟ್ಟಬೇಡಿ, ಕಿಡಿ ಸಾಕು.

ಗ್ಯಾರೇಜ್ ಮಾವ

ಫಿಲ್ಟರನ್ನೂ ಬದಲಿಸು ತಮ್ಮಾ. ಐದು ದಿನದ್ದು ಅಂತ ಜೀವ ಹಿಡಿಯಬೇಡ, ಅದರೊಳಗೂ ಪೆಟ್ರೋಲೇ. ಸ್ಪಾರ್ಕ್ ಪ್ಲಗ್ ಬಿಚ್ಚಿಡು, ವಯರನ್ನು ದೂರ ಕಟ್ಟು, ಸಿಲಿಂಡರಿನಲ್ಲಿ ನಿಂತದ್ದು ಆರಲಿ. ಹೊಸ ಆಯಿಲ್ ಹಾಕಿದ ಮೇಲೆ ಐದು ಗಂಟೆ ಓಡಿಸಿ ಇನ್ನೊಮ್ಮೆ ಬದಲಿಸು.

ಒಹಾಯೋ ರೈತ

ಇನ್ನೊಮ್ಮೆನಾ?!

ಗ್ಯಾರೇಜ್ ಮಾವ

ತಲೆಗೆ ಎಣ್ಣೆ ಹಚ್ಚಿದವನು ಒಂದೇ ನೀರು ಹಾಕಿಕೊಂಡು ಏಳುತ್ತಾನಾ?

ಒಹಾಯೋ ರೈತ — ಭಾನುವಾರ, ಮಧ್ಯಾಹ್ನ

ಅಕ್ಕನ ಪೈಪ್, ಅಕ್ಕನ ಸೋಡಾ ಬಾಟಲಿ ದೋಣಿ, ತಾತನ ಪಟ್ಟಿ ಪಾನ. ಫಿಲ್ಟರ್ ಅರ್ಧ ಸುತ್ತು ಸಡಿಲಿಸಿ ಕಾಫಿಗೆ ಹೋದೆ. ಒಟ್ಟು 35 ನಿಮಿಷ, ಕಾಫಿ ಸೇರಿ. ಚಾಸಿ ಮೇಲೆ ಮೂರು ಹನಿ ಬಿತ್ತು, ಸುಳ್ಳು ಯಾಕೆ ಹೇಳಲಿ.

ಕ್ಯಾನಿಗೆ ಇಳಿದದ್ದು ಎರಡು ಲೀಟರಿಗೂ ಜಾಸ್ತಿ. ಹಾಕಿದ್ದು 1.4. ಬಣ್ಣ ಡಿಕಾಕ್ಷನ್, ಹರಿಯುವುದೂ ಡಿಕಾಕ್ಷನ್ ಹಾಗೆಯೇ. ಹೊಸ ಸೂಜಿ ಹಾಕಿ, ವಾಲ್ವ್ ತೆರೆದಿಟ್ಟು ಬೇಕಂತಲೇ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಕಡ್ಡಿ ನೋಡಿದರೆ ಗೆರೆ ಅಲ್ಲೇ ಇದೆ. ಹೊಸ ಏರ್ ಫಿಲ್ಟರ್ ಹಾಕಿ ಸ್ಟಾರ್ಟ್ ಮಾಡಿದೆ. ಸೈಲೆನ್ಸರಿನಲ್ಲಿ ಉಳಿದಿದ್ದ ಆಯಿಲ್ ಉರಿದು ಎರಡು ನಿಮಿಷ ಹೊಗೆ ಬಂತು, ಆಮೇಲೆ ನಿಂತಿತು. ಹುಲ್ಲು ಎಷ್ಟು ಬೆಳೆದಿತ್ತೆಂದರೆ ಎರಡು ಸಲ ಹೊಡೆಯಬೇಕಾಯಿತು.

ಮಿಷಿಗನ್ ಅಕ್ಕ

ಭೇಷ್! ಹಳೇ ಆಯಿಲನ್ನು ಆಟೋ ಪಾರ್ಟ್ಸ್ ಅಂಗಡಿಗೆ ಕೊಟ್ಟುಬಿಡಿ, ಪುಕ್ಕಟೆ ತಗೊಳ್ಳುತ್ತಾರೆ.

ಒಹಾಯೋ ರೈತ — ಭಾನುವಾರ, ಸಂಜೆ

ಅಲ್ಲಿಂದಲೇ ಬರುತ್ತಿದ್ದೇನೆ ಅಕ್ಕ. ಮೊದಲ ಸಲದ ಕ್ಯಾನ್ ಖುಷಿಯಿಂದ ತಗೊಂಡರು. ಎರಡನೆಯದರ ಮುಚ್ಚಳ ತೆಗೆದ ಹುಡುಗ ಮೂಗು ಮುಚ್ಚಿಕೊಂಡ. ಪೆಟ್ರೋಲ್ ಬೆರೆತದ್ದನ್ನು ಅವರು ಮುಟ್ಟುವುದಿಲ್ಲವಂತೆ, ಇಡೀ ಟ್ಯಾಂಕ್ ಕೆಡುತ್ತದೆ ಅಂತ. ಕೌಂಟಿಯವರು ಅಪಾಯಕಾರಿ ಕಸ ತೆಗೆದುಕೊಳ್ಳುವ ದಿನಕ್ಕೆ ಕಾಯಬೇಕು. ನಮ್ಮ ಕಡೆ ಮುಂದಿನದು ಮೂರು ವಾರದ ಮೇಲೆ.

ಮನೆಯೊಳಗೆ ಇಡುವ ಹಾಗಿಲ್ಲ, ಗ್ಯಾರೇಜಿನಲ್ಲಿ ಹೀಟರ್. ಶೆಡ್ಡಿನ ಮೂಲೆಯಲ್ಲಿ ಬಿಗಿಯಾಗಿ ಮುಚ್ಚಿ ಇಟ್ಟಿದ್ದೇನೆ. ಮಗಳು ಅದರ ಮೇಲೆ ದೊಡ್ಡ ಅಕ್ಷರದಲ್ಲಿ "ಅಪ್ಪನ ಕಾಫಿ ಅಲ್ಲ" ಅಂತ ಬರೆದು ಅಂಟಿಸಿದ್ದಾಳೆ.

ಪುತ್ತೂರಿನವ

ಅದನ್ನು ಗೂಟಕ್ಕೆ ಬಳಿಯಲಿಕ್ಕೆ ನಾನಂತೂ ಹೇಳುವುದಿಲ್ಲ ಮಾರಾಯ್ರೆ.